ಮೊದಲ ಸಲ ಕ್ರಿಕೆಟ್ ನೋಡುವವರಿಗೆ: ಎಲ್ಲಿಂದ ಶುರು ಮಾಡಬೇಕು, ಏನನ್ನು ಸದ್ಯಕ್ಕೆ ಬಿಡಬೇಕು

ಕ್ರಿಕೆಟ್ ಹೇಳಿಕೊಡಲು ಕೂತವರಲ್ಲಿ ಹೆಚ್ಚಿನವರು ನಿಯಮಗಳಿಂದ ಶುರು ಮಾಡುತ್ತಾರೆ. ಎಲ್‌ಬಿಡಬ್ಲ್ಯು, ನೋಬಾಲ್, ಪವರ್‌ಪ್ಲೇ ಅಂತ ಹತ್ತು ನಿಮಿಷ ಮಾತಾಡುವಷ್ಟರಲ್ಲಿ ಕೇಳುವವರ ಕಣ್ಣು ಮೊಬೈಲ್ ಕಡೆ ಹೋಗಿರುತ್ತದೆ. ಆಟಕ್ಕೆ 42 ನಿಯಮಗಳಿವೆ, ಒಂದೊಂದಕ್ಕೂ ಉಪನಿಯಮಗಳ ಬಾಲ ಬೇರೆ. ವರ್ಷಗಟ್ಟಲೆ ಆಟ ನೋಡಿದವರಿಗೂ ಅವೆಲ್ಲ ಬಾಯಿಗೆ ಬರುವುದಿಲ್ಲ. ಬರಬೇಕಾಗಿಯೂ ಇಲ್ಲ.

ಹೊಸಬರಿಗೆ ಬೇಕಿರುವುದು ಒಂದೇ ಲೆಕ್ಕ. ಬ್ಯಾಟ್ ಮಾಡುವ ತಂಡದ ಕೈಯಲ್ಲಿ ಎರಡು ಬಗೆಯ ಬಂಡವಾಳ ಇರುತ್ತದೆ. ಹತ್ತು ವಿಕೆಟ್ (ಒಬ್ಬ ಬ್ಯಾಟರ್ ಔಟಾದರೆ ಒಂದು ವಿಕೆಟ್ ಹೋಯಿತು), ಮತ್ತು ಇಂತಿಷ್ಟು ಎಸೆತ. ಇವೆರಡನ್ನೂ ಖರ್ಚು ಮಾಡಿ ರನ್ ಸಂಪಾದಿಸಬೇಕು. ಯಾವುದು ಮೊದಲು ಖಾಲಿಯಾದರೂ ಬ್ಯಾಟಿಂಗ್ ಮುಗಿಯಿತು. ಬೇಗ ಬೇಗ ರನ್ ಬೇಕೆಂದು ಜೋರಾಗಿ ಬೀಸಿದರೆ ವಿಕೆಟ್ ಹೋಗುವ ಭಯ. ವಿಕೆಟ್ ಉಳಿಸಿಕೊಳ್ಳುತ್ತಾ ಕೂತರೆ ಎಸೆತಗಳು ಸುಮ್ನೆ ಕಳೆದುಹೋಗುತ್ತವೆ. ಇಷ್ಟು ತಲೆಯಲ್ಲಿದ್ದರೆ ಸಾಕು, ಉಳಿದದ್ದನ್ನು ಆಟ ನೋಡುತ್ತಲೇ ಕಲಿಯಬಹುದು.

1. ಅಂಗಳದ ನಡುವಿನ ಪಟ್ಟಿ ನೋಡಿ

ಮೈದಾನದಲ್ಲಿ ಆಟಗಾರರು ಅಲ್ಲೊಬ್ಬರು ಇಲ್ಲೊಬ್ಬರು ನಿಂತಿರುತ್ತಾರೆ. ಅವರನ್ನೆಲ್ಲ ಸದ್ಯಕ್ಕೆ ಬಿಡಿ. ನಡುವೆ ಹುಲ್ಲನ್ನು ತೀರಾ ಸಣ್ಣಗೆ ಕತ್ತರಿಸಿದ ಉದ್ದನೆಯ ಪಟ್ಟಿ ಕಾಣುತ್ತದಲ್ಲ, ಅದು ಪಿಚ್. ಅದರ ಎರಡೂ ತುದಿಗೆ ಮೂರು ಮೂರು ಕೋಲು ನೆಟ್ಟಿರುತ್ತಾರೆ. ಇವು ಸ್ಟಂಪ್‌ಗಳು. ಎತ್ತರ 28 ಇಂಚು, ಮೂರೂ ಸೇರಿ ಅಗಲ 9 ಇಂಚು. ಮೇಲೆ ಎರಡು ಪುಟ್ಟ ಮರದ ತುಂಡುಗಳು ಕೂತಿರುತ್ತವೆ, ಅವು ಬೇಲ್ಸ್. ಈ ತುದಿಯ ಸ್ಟಂಪ್‌ಗಳಿಂದ ಆ ತುದಿಯ ಸ್ಟಂಪ್‌ಗಳಿಗೆ 22 ಗಜ, ಅಂದರೆ ಸುಮಾರು 20 ಮೀಟರ್.

ಸ್ಟಂಪ್‌ಗಳಿಂದ ನಾಲ್ಕು ಅಡಿ ಮುಂದೆ ಅಡ್ಡಲಾಗಿ ಒಂದು ಬಿಳಿ ಗೆರೆ ಇದೆ. ಅದರ ಹೆಸರು ಕ್ರೀಸ್. ಈ ಒಂದು ಗೆರೆಯನ್ನು ಮಾತ್ರ ಚೆನ್ನಾಗಿ ಗುರುತು ಹಿಡಿದುಕೊಳ್ಳಿ, ಅರ್ಧ ನಿಯಮಗಳು ಇದರ ಸುತ್ತಲೇ ಇವೆ. ಬ್ಯಾಟರ್ ಗೆರೆಯ ಹಿಂದಿದ್ದರೆ ರನೌಟ್, ಸ್ಟಂಪಿಂಗ್ ಭಯವಿಲ್ಲ (ಇವೇನೆಂದು ಮೂರನೇ ಭಾಗದಲ್ಲಿ ನೋಡೋಣ). ಬೌಲರ್‌ನ ಮುಂದಿನ ಕಾಲು ಗೆರೆಯನ್ನು ಪೂರ್ತಿ ದಾಟಿ ಬಿದ್ದರೆ ಆ ಎಸೆತ ನೋಬಾಲ್.

ಒಂದು ತಂಡದಲ್ಲಿ 11 ಜನ. ಬ್ಯಾಟಿಂಗ್ ತಂಡದ ಇಬ್ಬರು ಮಾತ್ರ ಅಂಗಳದಲ್ಲಿರುತ್ತಾರೆ, ಪಿಚ್‌ನ ತುದಿಗೊಬ್ಬರು. ಎದುರಾಳಿ ತಂಡದ ಹನ್ನೊಂದೂ ಜನ ಅಂಗಳದಲ್ಲೇ ಇರುತ್ತಾರೆ. ಒಬ್ಬರು ಔಟಾದರೆ ಮತ್ತೊಬ್ಬರು ಬರುತ್ತಾರೆ. ಹತ್ತು ಜನ ಔಟಾದ ಮೇಲೆ ಉಳಿಯುವ ಹನ್ನೊಂದನೆಯವರಿಗೆ ಜೊತೆಗಾರರೇ ಇಲ್ಲ. ಹಾಗಾಗಿ ವಿಕೆಟ್‌ಗಳ ಲೆಕ್ಕ ಹತ್ತಕ್ಕೇ ಮುಗಿಯುತ್ತದೆ.

2. ಒಂದು ಎಸೆತವನ್ನು ಪೂರ್ತಿ ನೋಡಿ

ಬೌಲರ್ ಓಡಿ ಬಂದು, ತೋಳನ್ನು ಮೊಣಕೈ ಬಳಿ ಮಡಚಿ ಎಸೆಯದೆ, ತಲೆಯ ಮೇಲಿಂದ ತಿರುಗಿಸಿ ಚೆಂಡು ಬಿಡುತ್ತಾರೆ. ಸಾಮಾನ್ಯವಾಗಿ ಚೆಂಡು ಒಮ್ಮೆ ನೆಲಕ್ಕೆ ಬಿದ್ದು ಪುಟಿದು ಬ್ಯಾಟರ್ ಕಡೆ ಬರುತ್ತದೆ. ಗಂಟೆಗೆ 140 ಕಿ.ಮೀ. ವೇಗದ ಎಸೆತ ಬ್ಯಾಟರ್‌ನನ್ನು ತಲುಪಲು ಅರ್ಧ ಸೆಕೆಂಡೂ ಬೇಕಿಲ್ಲ. ಟಿವಿಯಲ್ಲಿ ಇದು ಗೊತ್ತಾಗುವುದೇ ಇಲ್ಲ, ನಿಧಾನಗತಿಯಲ್ಲಿ ಮತ್ತೆ ತೋರಿಸುವುದನ್ನು ನೋಡಿ ನೋಡಿ ನಮಗೆ ಎಲ್ಲವೂ ಸುಲಭವಾಗಿ ಕಾಣುತ್ತದೆ.

ಬ್ಯಾಟರ್ ಚೆಂಡನ್ನು ಹೊಡೆದ ಮೇಲೆ ಓಡಲೇಬೇಕು ಅಂತೇನಿಲ್ಲ. ಓಡಿದರೆ ಇಬ್ಬರೂ ಓಡಬೇಕು. ಇಬ್ಬರೂ ಜಾಗ ಬದಲಿಸಿ ಎದುರು ತುದಿಯ ಕ್ರೀಸ್ ಮುಟ್ಟಿದರೆ ಒಂದು ರನ್. ಮತ್ತೆ ವಾಪಸ್ ಬಂದರೆ ಎರಡು. ಚೆಂಡು ನೆಲ ತಾಗಿ ಮೈದಾನದ ಅಂಚಿನ ಹಗ್ಗ, ಅಂದರೆ ಬೌಂಡರಿ, ಮುಟ್ಟಿದರೆ ನಾಲ್ಕು, ನೆಲ ತಾಗದೆ ಅದರಾಚೆ ಹೋಗಿ ಬಿದ್ದರೆ ಆರು. ಆಗ ಓಡುವ ಕೆಲಸವೇ ಇಲ್ಲ.

ಬ್ಯಾಟ್‌ಗೆ ತಾಗದೆಯೂ ರನ್ ಬರುತ್ತದೆ. ಬ್ಯಾಟರ್‌ಗೆ ಎಟುಕದಷ್ಟು ದೂರ ಹಾಕಿದರೆ ವೈಡ್. ಗೆರೆ ದಾಟಿದರೆ ನೋಬಾಲ್. ಎರಡಕ್ಕೂ ಒಂದೊಂದು ರನ್ ದಂಡ, ಜೊತೆಗೆ ಆ ಎಸೆತವನ್ನು ಮತ್ತೊಮ್ಮೆ ಹಾಕಬೇಕು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಬ್ಯಾಟಿಂಗ್ ತಂಡ ಎಸೆತವನ್ನು ಖರ್ಚು ಮಾಡದೆಯೇ ರನ್ ಪಡೆಯುತ್ತದೆ. ನಾಯಕರು ವೈಡ್ ಬಿದ್ದಾಗ ಮುಖ ಗಂಟಿಕ್ಕುವುದು ಇದಕ್ಕೇ. ಟಿ20 ಮತ್ತು ಏಕದಿನ ಪಂದ್ಯಗಳಲ್ಲಿ ನೋಬಾಲ್‌ನ ಮುಂದಿನ ಎಸೆತ ಫ್ರೀ ಹಿಟ್ ಬೇರೆ. ಅದರಲ್ಲಿ ಬೌಲ್ಡ್ ಆದರೂ ಕ್ಯಾಚ್ ಕೊಟ್ಟರೂ ಔಟಿಲ್ಲ, ರನೌಟ್ ಮಾತ್ರ ಆಗಬಹುದು ಎಂದು ಇಟ್ಟುಕೊಳ್ಳಿ. ಚೆಂಡು ಬ್ಯಾಟ್‌ಗೂ ಮೈಗೂ ತಾಗದೆ ಹಿಂದೆ ಹೋದಾಗ ಓಡಿದರೆ ಬೈ, ಕಾಲಿಗೋ ಮೈಗೋ ತಾಗಿ ಹೋದರೆ ಲೆಗ್ ಬೈ. ಇವೆಲ್ಲ ಸೇರಿ ಸ್ಕೋರ್‌ಪಟ್ಟಿಯಲ್ಲಿ 'ಇತರೆ' ಎಂಬ ಸಾಲಿಗೆ ಹೋಗುತ್ತವೆ.

ಆರು ಸರಿಯಾದ ಎಸೆತ ಸೇರಿದರೆ ಒಂದು ಓವರ್. ಮುಗಿದ ಕೂಡಲೇ ಎದುರು ತುದಿಯಿಂದ ಇನ್ನೊಬ್ಬ ಬೌಲರ್ ಶುರು ಮಾಡುತ್ತಾರೆ. ಒಬ್ಬರೇ ಸತತ ಎರಡು ಓವರ್ ಹಾಕುವಂತಿಲ್ಲ. ಆದರೆ ಬ್ಯಾಟರ್‌ಗಳು ಇದ್ದ ತುದಿಯಲ್ಲೇ ಇರುತ್ತಾರೆ. ಆದ್ದರಿಂದ ಓವರಿನ ಕೊನೆಯ ಎಸೆತದಲ್ಲಿ ಒಂದು ರನ್ ಓಡಿದವರೇ ಮುಂದಿನ ಓವರನ್ನೂ ಎದುರಿಸುತ್ತಾರೆ. ಚೆನ್ನಾಗಿ ಆಡುವವರ ಜೊತೆ ಬ್ಯಾಟಿಂಗ್ ಅಷ್ಟಾಗಿ ಬಾರದ ಬಾಲಂಗೋಚಿ ಇದ್ದಾಗ ಈ ಒಂದು ರನ್ನಿಗಾಗಿ ಎಷ್ಟು ಪರದಾಟ ನಡೆಯುತ್ತದೆ ನೋಡಿ. ನಾಲ್ಕನೇ ಎಸೆತದಲ್ಲಿ ಸುಲಭವಾಗಿ ಸಿಗುವ ಒಂದು ರನ್ನನ್ನು ಬೇಡ ಅಂತ ಬಿಡುತ್ತಾರೆ, ಆರನೆಯದಕ್ಕೆ ಜೀವ ಬಿಟ್ಟು ಓಡುತ್ತಾರೆ. ಕಾರಣ ಗೊತ್ತಿಲ್ಲದಿದ್ದರೆ ಇದು ಹುಚ್ಚಾಟದಂತೆ ಕಾಣುತ್ತದೆ.

3. ಔಟಾಗುವ ಬಗೆ: ಐದು ಸಾಕು

ಔಟಾಗಲು ಒಂಬತ್ತು ದಾರಿಗಳಿವೆ. ನೀವು ಐದನ್ನು ಕಲಿಯಿರಿ. ಉಳಿದ ನಾಲ್ಕು ಎದುರಾಗುವುದೇ ಅಪರೂಪ.

ಚೆಂಡು ಸ್ಟಂಪ್‌ಗೆ ಬಡಿದು ಬೇಲ್ಸ್ ಬಿದ್ದರೆ ಬೌಲ್ಡ್. ಹೊಡೆದ ಚೆಂಡನ್ನು ನೆಲ ಮುಟ್ಟುವ ಮೊದಲು ಹಿಡಿದರೆ ಕ್ಯಾಚ್. ಇವೆರಡು ಯಾರಿಗಾದರೂ ನೋಡಿದರೇ ಅರ್ಥವಾಗುತ್ತವೆ. ಓಡುವಾಗ ಕ್ರೀಸ್ ಮುಟ್ಟುವ ಮೊದಲು ಫೀಲ್ಡರ್‌ಗಳು ಚೆಂಡಿನಿಂದ ಬೇಲ್ಸ್ ಉರುಳಿಸಿದರೆ ರನೌಟ್. ಓಡುವ ಯೋಚನೆ ಇಲ್ಲದೆ, ಚೆಂಡು ಹೊಡೆಯಲು ಕ್ರೀಸ್ ಬಿಟ್ಟು ಮುಂದೆ ಹೋದಾಗ ಚೆಂಡು ತಪ್ಪಿಹೋಗಿ, ಸ್ಟಂಪ್‌ಗಳ ಹಿಂದೆ ನಿಲ್ಲುವ ವಿಕೆಟ್ ಕೀಪರ್ ಬೇಲ್ಸ್ ಎಗರಿಸಿದರೆ ಸ್ಟಂಪ್ಡ್.

ಐದನೆಯದು ಎಲ್‌ಬಿಡಬ್ಲ್ಯು. ಇದಕ್ಕೆ ಸ್ವಲ್ಪ ತಾಳ್ಮೆ ಬೇಕು. ಇದರ ಉದ್ದೇಶ ಸರಳ: ಬ್ಯಾಟ್ ಇರುವಾಗ ಕಾಲಿನಿಂದ ಸ್ಟಂಪ್ ಕಾಯಬಾರದು. ಅಂದಮಾತ್ರಕ್ಕೆ ಕಾಲಿಗೆ ಬಡಿದದ್ದೆಲ್ಲ ಔಟಲ್ಲ. ಅಂಪೈರ್ ಒಂದಾದ ಮೇಲೆ ಒಂದು ಪ್ರಶ್ನೆ ಕೇಳಿಕೊಳ್ಳುತ್ತಾರೆ. ಚೆಂಡು ನೆಲಕ್ಕೆ ಬಿದ್ದದ್ದು ಎಲ್ಲಿ? ಬ್ಯಾಟರ್‌ನ ಕಾಲ ಬದಿಯ ಸ್ಟಂಪ್‌ನಿಂದ, ಅಂದರೆ ಲೆಗ್ ಸ್ಟಂಪ್‌ನಿಂದ ಆಚೆ ಬಿದ್ದಿದ್ದರೆ ಅಲ್ಲಿಗೇ ಮುಗಿಯಿತು, ಔಟಿಲ್ಲ. ಕಾಲಿಗಿಂತ ಮೊದಲು ಬ್ಯಾಟ್‌ಗೆ ತಾಗಿತೇ? ತಾಗಿದ್ದರೆ ಔಟಿಲ್ಲ. ಕಾಲಿಗೆ ಬಡಿದದ್ದು ಸ್ಟಂಪ್‌ಗಳ ನೇರದಲ್ಲೇ? ಆಫ್ ಸ್ಟಂಪ್‌ನಿಂದ, ಅಂದರೆ ಇನ್ನೊಂದು ಬದಿಯ ಸ್ಟಂಪ್‌ನಿಂದ ಆಚೆ ಬಡಿದಿದ್ದರೆ, ಬ್ಯಾಟರ್ ನಿಜವಾಗಿಯೂ ಹೊಡೆಯಲು ಪ್ರಯತ್ನಿಸಿದ್ದರೆ, ಆಗಲೂ ಔಟಿಲ್ಲ. ಇಷ್ಟೆಲ್ಲ ದಾಟಿದ ಮೇಲೆ ಕೊನೆಯ ಪ್ರಶ್ನೆ. ಕಾಲು ಅಡ್ಡ ಇರದಿದ್ದರೆ ಚೆಂಡು ಸ್ಟಂಪ್‌ಗೆ ಬಡಿಯುತ್ತಿತ್ತೇ? ಹೌದು ಎಂದರೆ ಬೆರಳು ಮೇಲೆ.

ಈ ಕೊನೆಯ ಪ್ರಶ್ನೆಯ ಉತ್ತರ ಯಾವಾಗಲೂ ಊಹೆಯೇ. ಹಾಗಾಗಿ ಜಗಳವೂ ಜಾಸ್ತಿ. ಈಗ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಡಿಆರ್‌ಎಸ್ ಇದೆ. ಅಂಪೈರ್ ತೀರ್ಪು ಒಪ್ಪದ ತಂಡ ಕೈಗಳನ್ನು ಇಂಗ್ಲಿಷಿನ ಟಿ ಅಕ್ಷರದಂತೆ ಮಾಡಿ ಮರುಪರಿಶೀಲನೆ ಕೇಳಬಹುದು. ಕಂಪ್ಯೂಟರ್ ಚೆಂಡಿನ ದಾರಿಯನ್ನು ಮುಂದುವರಿಸಿ ತೋರಿಸುತ್ತದೆ. ಚೆಂಡಿನ ಅರ್ಧಕ್ಕಿಂತ ಕಡಿಮೆ ಭಾಗ ಮಾತ್ರ ಸ್ಟಂಪ್‌ಗೆ ತಾಗುವಂತಿದ್ದರೆ 'ಅಂಪೈರ್ಸ್ ಕಾಲ್' ಎನ್ನುತ್ತಾರೆ, ಅಂಗಳದ ಅಂಪೈರ್ ಮೊದಲು ಕೊಟ್ಟ ತೀರ್ಪೇ ನಿಲ್ಲುತ್ತದೆ. ಒಂದೇ ಥರದ ಎರಡು ಎಸೆತಕ್ಕೆ ಒಮ್ಮೆ ಔಟ್, ಒಮ್ಮೆ ನಾಟೌಟ್ ಬರುವುದು ಇದರಿಂದಲೇ. ನಿಮಗೆ ಇದು ಅನ್ಯಾಯ ಅನಿಸಿದರೆ ಚಿಂತೆ ಬೇಡ, ಹಳೆಯ ಆಟಗಾರರಲ್ಲೂ ಹಾಗೆ ಅನಿಸುವವರು ಬೇಕಾದಷ್ಟು ಜನ ಇದ್ದಾರೆ.

ಇನ್ನೊಂದು ವಿಚಿತ್ರ ಹೇಳಿಬಿಡುತ್ತೇನೆ. ಫೀಲ್ಡಿಂಗ್ ತಂಡ ಕೇಳದೆ ಅಂಪೈರ್ ಔಟ್ ಕೊಡುವಂತಿಲ್ಲ. ಆಟಗಾರರು ತಿರುಗಿ ನಿಂತು ಕೂಗುವುದು ಬರೀ ಆವೇಶವಲ್ಲ, ಅದು ನಿಯಮದ ಪ್ರಕಾರ ಸಲ್ಲಿಸುವ ಮನವಿ. 2023ರ ವಿಶ್ವಕಪ್‌ನಲ್ಲಿ ದೆಹಲಿಯ ಪಂದ್ಯದಲ್ಲಿ ಶ್ರೀಲಂಕಾದ ಏಂಜೆಲೊ ಮ್ಯಾಥ್ಯೂಸ್ ಒಂದೂ ಎಸೆತ ಎದುರಿಸದೆ ಔಟಾದರು. ಹೆಲ್ಮೆಟ್ಟಿನ ಪಟ್ಟಿ ಕಿತ್ತುಬಂದು, ಆಡಲು ಸಿದ್ಧರಾಗುವ ಗಡುವು ಮೀರಿತ್ತು. ಬಾಂಗ್ಲಾದೇಶ ಅಪೀಲ್ ಮಾಡಿತು, ಅಂಪೈರ್ ಔಟ್ ಕೊಟ್ಟರು. ಅಂತರರಾಷ್ಟ್ರೀಯ ಕ್ರಿಕೆಟ್‌ನಲ್ಲಿ 'ಟೈಮ್ಡ್ ಔಟ್' ಆದವರಲ್ಲಿ ಅವರೇ ಮೊದಲಿಗರು. ಅಪೀಲ್ ಮಾಡದೆ ಸುಮ್ಮನಿದ್ದಿದ್ದರೆ ಅವರು ಆಡುತ್ತಿದ್ದರು.

4. ಪರದೆಯ ಮೂಲೆಯ ಅಂಕಿ ಓದಿ

ಈಗ ಟಿವಿ ಪರದೆಯ ಕೆಳಗೆ ನೋಡಿ. 72/2 ಅಂತ ಇದ್ದರೆ 72 ರನ್, ಎರಡು ವಿಕೆಟ್ ಹೋಗಿದೆ. ಆಸ್ಟ್ರೇಲಿಯಾದವರು ಇದನ್ನೇ ತಿರುವಿ 2/72 ಎಂದು ಬರೆಯುತ್ತಾರೆ, ಗೊಂದಲ ಬೇಡ. ಪಕ್ಕದಲ್ಲಿ 14.3 ಎಂದಿದ್ದರೆ ಅದು ದಶಮಾಂಶ ಅಲ್ಲ. 14 ಓವರ್ ಮುಗಿದು ಮೂರು ಎಸೆತ ಆಗಿದೆ ಎಂದರ್ಥ. 14.5 ಆದ ಮೇಲೆ ಒಂದು ಎಸೆತ ಬಿದ್ದರೆ 15. ಗಣಿತದಲ್ಲಿ ಚುರುಕಾದವರೇ ಇಲ್ಲಿ ಜಾಸ್ತಿ ಎಡವುತ್ತಾರೆ.

ಈ ಮೂರು ಅಂಕಿ ಸೇರಿದರೆ ನಮ್ಮ ಲೆಕ್ಕ ಪೂರ್ತಿ ಸಿಗುತ್ತದೆ. ಎಷ್ಟು ಸಂಪಾದನೆ, ಎಷ್ಟು ವಿಕೆಟ್ ಖರ್ಚು, ಎಷ್ಟು ಎಸೆತ ಖರ್ಚು.

5. ಟಿ20 ಪಂದ್ಯದ ಎರಡನೇ ಭಾಗದಿಂದ ಶುರು ಮಾಡಿ

ಇದು ನನ್ನ ಖಚಿತ ಸಲಹೆ. ಮೊದಲ ಸಲ ನೋಡುವವರು ಪಂದ್ಯದ ಶುರುವಿನಿಂದ ಕೂರಬೇಡಿ. ಮೊದಲು ಬ್ಯಾಟ್ ಮಾಡುವ ತಂಡ ಎಷ್ಟು ಹೊಡೆದರೆ ಸಾಕು ಎಂಬುದು ಅವರಿಗೂ ಗೊತ್ತಿರುವುದಿಲ್ಲ, ನಿಮಗೂ ತಿಳಿಯುವುದಿಲ್ಲ. ಎರಡನೇ ತಂಡಕ್ಕೆ ಗುರಿ ಎದುರಿಗಿರುತ್ತದೆ. ಪ್ರತಿ ಎಸೆತ ಬಿದ್ದಾಗಲೂ ಯಾರು ಮುಂದೆ, ಯಾರು ಹಿಂದೆ ಎಂದು ನೀವೇ ಹೇಳಬಹುದು.

ಟಿ20ಯಲ್ಲಿ ಒಂದು ತಂಡಕ್ಕೆ 20 ಓವರ್, ಅಂದರೆ 120 ಎಸೆತ. ಗುರಿ 161 ಎಂದುಕೊಳ್ಳಿ. ಹತ್ತು ಓವರ್ ಮುಗಿದಾಗ ಸ್ಕೋರ್ 72/2. ಉಳಿದ 60 ಎಸೆತದಲ್ಲಿ 89 ರನ್ ಬೇಕು, ಎಂಟು ವಿಕೆಟ್ ಕೈಯಲ್ಲಿದೆ. ಇನ್ನೊಂದು ಪಂದ್ಯದಲ್ಲಿ ಅದೇ ಹೊತ್ತಿಗೆ 90/6. ಬೇಕಿರುವುದು 71 ಮಾತ್ರ, ಆದರೆ ಉಳಿದಿರುವುದು ನಾಲ್ಕೇ ವಿಕೆಟ್. ಯಾವ ತಂಡ ಚೆನ್ನಾಗಿದೆ? ರನ್ ಮಾತ್ರ ನೋಡಿದರೆ ಎರಡನೆಯದು ಮುಂದಿದೆ. ನಾನಾದರೆ ಮೊದಲನೆಯ ಜಾಗದಲ್ಲಿರಲು ಇಷ್ಟಪಡುತ್ತೇನೆ. ಎಂಟು ವಿಕೆಟ್ ಇರುವವರು ಪ್ರತಿ ಎಸೆತಕ್ಕೂ ಬೀಸಬಹುದು, ಒಬ್ಬರು ಔಟಾದರೆ ಇನ್ನೊಬ್ಬ ಹೊಡೆಯುವವರು ಬರುತ್ತಾರೆ. ಆರು ಹೋದ ಮೇಲೆ ಬರುವವರು ಹೆಚ್ಚಾಗಿ ಬೌಲರ್‌ಗಳು. ಅವರು ಹೆದರಿ ಹೆದರಿ ಆಡಬೇಕು, ಹೆದರಿದಷ್ಟೂ ಎಸೆತ ಕೈಜಾರುತ್ತದೆ.

ಹೀಗೆ ಪ್ರತಿ ಓವರ್ ಮುಗಿದಾಗ ಒಮ್ಮೆ ಬೇಕಾದ ರನ್, ಉಳಿದ ಎಸೆತ, ಉಳಿದ ವಿಕೆಟ್ ಲೆಕ್ಕ ಹಾಕಿ. ಮುಂದಿನ ಓವರ್‌ನಲ್ಲಿ ಬ್ಯಾಟರ್ ಏನು ಮಾಡಬಹುದು ಎಂದು ಊಹಿಸಿ. ಊಹೆ ತಪ್ಪಾದಾಗಲೇ ಜಾಸ್ತಿ ಕಲಿಯುತ್ತೀರಿ.

ಈ ಲೆಕ್ಕ ತುತ್ತತುದಿಗೆ ಹೋದರೆ ಹೇಗಿರುತ್ತದೆ ಎಂಬುದಕ್ಕೆ 2006ರ ಮಾರ್ಚ್‌ನಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ನಡೆದ ಏಕದಿನ ಪಂದ್ಯ ನೋಡಬೇಕು. ಆಸ್ಟ್ರೇಲಿಯಾ 50 ಓವರ್‌ನಲ್ಲಿ 434/4 ಹೊಡೆಯಿತು. ಅಲ್ಲಿಯವರೆಗೆ ಏಕದಿನ ಪಂದ್ಯದಲ್ಲಿ ಯಾವ ತಂಡವೂ 400 ದಾಟಿರಲಿಲ್ಲ. ದಕ್ಷಿಣ ಆಫ್ರಿಕಾ 438/9 ಹೊಡೆದು ಗೆದ್ದಿತು. ಗೆಲುವಿನ ರನ್ ಬಂದಾಗ ಅವರ ಬಳಿ ಉಳಿದಿದ್ದದ್ದು ಒಂದು ವಿಕೆಟ್ ಮತ್ತು ಒಂದು ಎಸೆತ.

ಗೆಲುವನ್ನು ಹೇಳುವ ರೀತಿಯೂ ಇದರ ಜೊತೆಗೇ ಬರುತ್ತದೆ. ಎರಡನೆಯದಾಗಿ ಬ್ಯಾಟ್ ಮಾಡಿದವರು ಗೆದ್ದರೆ ಉಳಿದ ವಿಕೆಟ್ ಲೆಕ್ಕದಲ್ಲಿ ಹೇಳುತ್ತಾರೆ. ಆ ಪಂದ್ಯದಲ್ಲಿ ದಕ್ಷಿಣ ಆಫ್ರಿಕಾ ಗೆದ್ದದ್ದು ಒಂದು ವಿಕೆಟ್‌ನಿಂದ. ಮೊದಲು ಆಡಿದವರು ಗೆದ್ದರೆ ಎಷ್ಟು ರನ್ ಹೆಚ್ಚು ಎಂದು ಹೇಳುತ್ತಾರೆ. ಸಮವಾದರೆ ಟೈ. ದೊಡ್ಡ ಪಂದ್ಯಗಳಲ್ಲಿ ಆಗ ಒಂದೊಂದು ಓವರಿನ ಸೂಪರ್ ಓವರ್ ಆಡಿಸುತ್ತಾರೆ. 2019ರ ವಿಶ್ವಕಪ್ ಫೈನಲ್‌ನಲ್ಲಿ ಇಂಗ್ಲೆಂಡ್, ನ್ಯೂಜಿಲೆಂಡ್ ಎರಡೂ 241 ಹೊಡೆದು, ಸೂಪರ್ ಓವರ್‌ನಲ್ಲೂ 15-15 ಆಗಿ, ಕೊನೆಗೆ ಬೌಂಡರಿ ಜಾಸ್ತಿ ಹೊಡೆದದ್ದಕ್ಕೆ ಇಂಗ್ಲೆಂಡ್‌ಗೆ ಕಪ್ ಕೊಟ್ಟರು. ಆ ನಿಯಮ ಈಗಿಲ್ಲ. ಒಳ್ಳೆಯದಾಯಿತು.

ಮಳೆ ಬಂದರೆ? ಓವರ್ ಕಡಿತವಾಗುತ್ತದೆ, ಗುರಿಯೂ ಬದಲಾಗುತ್ತದೆ. ಇಲ್ಲೂ ಎರಡು ಬಂಡವಾಳದ ಲೆಕ್ಕವೇ. 1992ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ ವಿರುದ್ಧ ದಕ್ಷಿಣ ಆಫ್ರಿಕಾಕ್ಕೆ 13 ಎಸೆತದಲ್ಲಿ 22 ರನ್ ಬೇಕಿತ್ತು. ಸ್ವಲ್ಪ ಹೊತ್ತು ಮಳೆ ಬಂತು. ಮತ್ತೆ ಆಟ ಶುರುವಾಗುವಾಗ ಆಗಿನ ನಿಯಮದ ಪ್ರಕಾರ ಒಂದೇ ಎಸೆತ ಉಳಿದಿತ್ತು, ರನ್ ಮಾತ್ರ 21 ಬೇಕಿತ್ತು. ಇಂಥ ಅಸಂಬದ್ಧ ಮತ್ತೆ ಆಗದಿರಲೆಂದು ಡಕ್‌ವರ್ತ್, ಲೂಯಿಸ್ ಎಂಬ ಇಬ್ಬರು ಇಂಗ್ಲಿಷ್ ಸಂಖ್ಯಾಶಾಸ್ತ್ರಜ್ಞರು ಸೂತ್ರವೊಂದನ್ನು ರೂಪಿಸಿದರು. 1997ರಿಂದ ಅದು ಬಳಕೆಗೆ ಬಂತು. ಆಮೇಲೆ ಸ್ಟರ್ನ್ ಎಂಬವರ ಹೆಸರೂ ಸೇರಿ ಡಿಎಲ್‌ಎಸ್ ಆಯಿತು. ಉಳಿದ ಓವರ್ ಮಾತ್ರವಲ್ಲ, ಉಳಿದ ವಿಕೆಟ್‌ಗಳನ್ನೂ ಅದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಸೂತ್ರವನ್ನು ನೀವು ಕಲಿಯುವುದು ಬೇಡ, ಪರದೆಯ ಮೇಲೆ ಬರುವ ಹೊಸ ಗುರಿಯನ್ನು ನಂಬಿ.

6. ಈಗ ಫೀಲ್ಡರ್‌ಗಳ ಕಡೆ ತಿರುಗಿ

ಸ್ಲಿಪ್, ಗಲ್ಲಿ, ಪಾಯಿಂಟ್, ಕವರ್, ಮಿಡ್ ಆನ್, ಫೈನ್ ಲೆಗ್. ಫೀಲ್ಡಿಂಗ್ ಜಾಗಗಳ ಹೆಸರು ಕೇಳಿ ಹೊಸಬರು ಕೈಚೆಲ್ಲುತ್ತಾರೆ. ಬಾಯಿಪಾಠ ಬೇಡ. ಒಂದೇ ಕೆಲಸ ಮಾಡಿ. ಬ್ಯಾಟರ್ ಹತ್ತಿರ ಎಷ್ಟು ಜನ ನಿಂತಿದ್ದಾರೆ, ಹಗ್ಗದ ಹತ್ತಿರ ಎಷ್ಟು ಜನ, ಇಷ್ಟು ಎಣಿಸಿ.

ಹತ್ತಿರ ಜಾಸ್ತಿ ಜನ ಇದ್ದರೆ ನಾಯಕರಿಗೆ ವಿಕೆಟ್ ಬೇಕಾಗಿದೆ. ಅದಕ್ಕಾಗಿ ಒಂದೆರಡು ಬೌಂಡರಿ ಹೋದರೂ ಪರವಾಗಿಲ್ಲ ಅಂತ ತೀರ್ಮಾನಿಸಿದ್ದಾರೆ. ಎಲ್ಲರೂ ದೂರ ಇದ್ದರೆ ರನ್ ತಡೆಯುವುದೇ ಗುರಿ, ಒಂದೊಂದು ರನ್ ಓಡಿಕೊಳ್ಳಲಿ ಬಿಡು ಎಂಬ ಲೆಕ್ಕ. ಅಂದರೆ ಬ್ಯಾಟಿಂಗ್ ತಂಡದ ಇಕ್ಕಟ್ಟೇ ಬೌಲಿಂಗ್ ತಂಡಕ್ಕೂ ಇದೆ, ತಲೆಕೆಳಗಾಗಿ.

ಹೆಸರುಗಳಲ್ಲಿ ಸದ್ಯಕ್ಕೆ ಒಂದು ಸಾಕು, ಸ್ಲಿಪ್. ವಿಕೆಟ್ ಕೀಪರ್ ಪಕ್ಕದಲ್ಲಿ ಸಾಲಾಗಿ ಬಗ್ಗಿ ನಿಂತವರು. ಚೆಂಡು ಬ್ಯಾಟಿನ ಅಂಚು ಸವರಿದರೆ ಅವರ ಕೈಗೆ ಹೋಗುತ್ತದೆ. ಹೊಸ ಚೆಂಡು ಗಾಳಿಯಲ್ಲಿ ಪಕ್ಕಕ್ಕೆ ಹೊರಳುವುದು ಜಾಸ್ತಿ, ಅಂಚು ತಾಗುವ ಸಾಧ್ಯತೆಯೂ ಜಾಸ್ತಿ. ಆದ್ದರಿಂದ ಶುರುವಿನಲ್ಲಿ ಸ್ಲಿಪ್‌ನಲ್ಲಿ ಜನ ಹೆಚ್ಚು. ಚೆಂಡು ಹಳೆಯದಾದಂತೆ ಅವರು ಒಬ್ಬೊಬ್ಬರೇ ಬೇರೆ ಕಡೆ ಹೋಗುತ್ತಾರೆ. ಆಟಗಾರರು ಚೆಂಡನ್ನು ಪ್ಯಾಂಟಿಗೆ ಉಜ್ಜುವುದೂ ಇದಕ್ಕೇ. ಒಂದು ಬದಿ ಹೊಳಪಾಗಿದ್ದು ಇನ್ನೊಂದು ಒರಟಾಗಿದ್ದರೆ ಚೆಂಡು ಗಾಳಿಯಲ್ಲಿ ವಾಲುತ್ತದೆ. ಸ್ಪಿನ್ ಬೌಲರ್‌ಗಳ ದಾರಿ ಬೇರೆ. ಅವರು ವೇಗ ಬಿಟ್ಟು, ಬೆರಳಿನಿಂದಲೋ ಮಣಿಕಟ್ಟಿನಿಂದಲೋ ಚೆಂಡನ್ನು ತಿರುಗಿಸುತ್ತಾರೆ. ನೆಲಕ್ಕೆ ಬಿದ್ದ ಮೇಲೆ ಅದು ದಿಕ್ಕು ಬದಲಿಸುತ್ತದೆ.

ಸೀಮಿತ ಓವರ್ ಪಂದ್ಯಗಳಲ್ಲಿ ಎಲ್ಲರನ್ನೂ ಹಗ್ಗದ ಬಳಿ ನಿಲ್ಲಿಸಲು ಬಿಡುವುದಿಲ್ಲ. ಮೈದಾನದ ನಡುವೆ ಒಂದು ಒಳವೃತ್ತ ಹಾಕಿರುತ್ತಾರೆ. ಟಿ20ಯ ಮೊದಲ ಆರು ಓವರ್, ಏಕದಿನದ ಮೊದಲ ಹತ್ತು ಓವರ್ ಅದರ ಹೊರಗೆ ಇಬ್ಬರು ಮಾತ್ರ ಇರಬಹುದು. ಪವರ್‌ಪ್ಲೇ ಎಂದರೆ ಇಷ್ಟೇ. ಶುರುವಿನ ಬ್ಯಾಟರ್‌ಗಳು ಫೀಲ್ಡರ್‌ಗಳ ತಲೆಯ ಮೇಲಿಂದ ಎತ್ತಿ ಹೊಡೆಯುವುದು ಯಾಕೆ ಎಂದು ಈಗ ಗೊತ್ತಾಯಿತಲ್ವಾ? ಒಬ್ಬ ಬೌಲರ್‌ಗೂ ಮಿತಿ ಇದೆ. ಟಿ20ಯಲ್ಲಿ ನಾಲ್ಕು ಓವರ್, ಏಕದಿನದಲ್ಲಿ ಹತ್ತು.

7. ಏಕದಿನ, ಆಮೇಲೆ ಟೆಸ್ಟ್

ಟಿ20 ಅಭ್ಯಾಸವಾದ ಮೇಲೆ 50 ಓವರಿನ ಏಕದಿನ ಪಂದ್ಯ ಕಷ್ಟವಲ್ಲ. ಎಸೆತ ಹೆಚ್ಚು, ವಿಕೆಟ್ ಅಷ್ಟೇ. ಆದ್ದರಿಂದ ವಿಕೆಟ್‌ನ ಬೆಲೆ ಏರುತ್ತದೆ, ಆಟದ ನಡುಭಾಗ ಸ್ವಲ್ಪ ನಿಧಾನವಾಗುತ್ತದೆ. ಪುರುಷರ ಮೊದಲ ವಿಶ್ವಕಪ್ ನಡೆದದ್ದು 1975ರಲ್ಲಿ. ಮಹಿಳೆಯರ ವಿಶ್ವಕಪ್ ಅದಕ್ಕೂ ಎರಡು ವರ್ಷ ಮೊದಲೇ, 1973ರಲ್ಲಿ ನಡೆದಿತ್ತು. ಇದು ಆಟವನ್ನು ಚೆನ್ನಾಗಿ ಬಲ್ಲ ಎಷ್ಟೋ ಜನಕ್ಕೂ ಗೊತ್ತಿಲ್ಲ.

ಟೆಸ್ಟ್ ಬೇರೆಯದೇ ಲೋಕ. 1877ರಲ್ಲಿ ಮೆಲ್ಬರ್ನ್‌ನಲ್ಲಿ ಶುರುವಾದ ಈ ಪ್ರಕಾರದಲ್ಲಿ ಐದು ದಿನ ಆಟ, ಪ್ರತಿ ತಂಡಕ್ಕೆ ಎರಡೆರಡು ಇನಿಂಗ್ಸ್, ಅಂದರೆ ಬ್ಯಾಟಿಂಗ್ ಸರದಿ. ಓವರ್‌ಗೆ ಮಿತಿ ಇಲ್ಲ. ಎಸೆತಗಳಿಗೆ ಬೆಲೆಯೇ ಇಲ್ಲವೆಂಬಂತೆ ಬ್ಯಾಟರ್ ಚೆಂಡನ್ನು ಮುಟ್ಟದೆ ಬಿಡುವುದನ್ನು ನೋಡಿ ಹೊಸಬರು ಬೇಸತ್ತುಕೊಳ್ಳುತ್ತಾರೆ. ಇಲ್ಲಿ ಎಸೆತದ ಜಾಗಕ್ಕೆ ಸಮಯ ಬಂದಿದೆ. ಆ ಸಮಯವನ್ನು ಎರಡೂ ತಂಡ ಹಂಚಿಕೊಳ್ಳಬೇಕು. ಗೆಲ್ಲಬೇಕೆಂದರೆ ಎದುರಾಳಿಯನ್ನು ಸಾಮಾನ್ಯವಾಗಿ ಎರಡು ಸಲ ಔಟ್ ಮಾಡಬೇಕು, 20 ವಿಕೆಟ್. ಅದು ಆಗದೆ ಐದನೇ ದಿನ ಮುಗಿದರೆ ಪಂದ್ಯ ಡ್ರಾ. ರನ್‌ನಲ್ಲಿ ತೀರಾ ಹಿಂದಿದ್ದರೂ ವಿಕೆಟ್ ಉಳಿಸಿಕೊಂಡು ಕೂತರೆ ಸೋಲು ತಪ್ಪುತ್ತದೆ.

ಹೀಗಾಗಿ ಚೆನ್ನಾಗಿ ಹೊಡೆಯುತ್ತಿರುವ ತಂಡವೇ ನಡುವೆ ನಿಲ್ಲಿಸಿ ಡಿಕ್ಲೇರ್ ಮಾಡಿಕೊಳ್ಳುತ್ತದೆ. ರನ್ ಸಾಕು, ಈಗ ಅವರನ್ನು ಔಟ್ ಮಾಡಲು ಸಮಯ ಬೇಕು ಅಂತ. ಮೊದಲು ಆಡಿದವರಿಗೆ 200 ಅಥವಾ ಅದಕ್ಕಿಂತ ಹೆಚ್ಚಿನ ಮುನ್ನಡೆ ಸಿಕ್ಕರೆ ಎದುರಾಳಿಯನ್ನೇ ಮತ್ತೆ ಬ್ಯಾಟ್ ಮಾಡಿ ಎನ್ನಬಹುದು. ಅದು ಫಾಲೋ ಆನ್.

2001ರ ಕೋಲ್ಕತ್ತ ಟೆಸ್ಟ್ ಇದಕ್ಕೆ ಒಳ್ಳೆಯ ಪಾಠ. ಆಸ್ಟ್ರೇಲಿಯಾ 445. ಭಾರತ 171ಕ್ಕೆ ಆಲೌಟ್. 274 ರನ್ ಹಿಂದೆ, ಫಾಲೋ ಆನ್. ಅಲ್ಲಿಂದ ವಿ.ವಿ.ಎಸ್. ಲಕ್ಷ್ಮಣ್ 281, ರಾಹುಲ್ ದ್ರಾವಿಡ್ 180. ನಾಲ್ಕನೇ ದಿನ ಬೆಳಗ್ಗೆಯಿಂದ ಸಂಜೆವರೆಗೆ ಇಬ್ಬರೂ ಔಟಾಗಲೇ ಇಲ್ಲ. 657/7ಕ್ಕೆ ಡಿಕ್ಲೇರ್ ಮಾಡಿಕೊಂಡ ಭಾರತ ಕೊನೆಯ ದಿನ ಆಸ್ಟ್ರೇಲಿಯಾವನ್ನು 212ಕ್ಕೆ ಉರುಳಿಸಿ 171 ರನ್‌ನಿಂದ ಗೆದ್ದಿತು. ಇಡೀ ದಿನ ಒಂದೂ ವಿಕೆಟ್ ಬೀಳಲಿಲ್ಲ ಎಂಬ ಮಾತು ಟಿ20 ಕಣ್ಣಿಗೆ ನೀರಸ. ಟೆಸ್ಟ್ ಲೆಕ್ಕ ಗೊತ್ತಿದ್ದರೆ ಪಂದ್ಯ ತಿರುಗಿದ್ದೇ ಅಲ್ಲಿ ಎಂದು ಕಾಣುತ್ತದೆ.

ಸಮಯದ ಮಿತಿಯೇ ಇಲ್ಲದಿದ್ದರೆ ಏನಾಗುತ್ತದೆ ಎಂದೂ ಒಮ್ಮೆ ನೋಡಿದ್ದಾರೆ. 1939ರಲ್ಲಿ ಡರ್ಬನ್‌ನಲ್ಲಿ ದಕ್ಷಿಣ ಆಫ್ರಿಕಾ, ಇಂಗ್ಲೆಂಡ್ ನಡುವೆ ಫಲಿತಾಂಶ ಬರುವವರೆಗೂ ಆಡುವ ಟೆಸ್ಟ್ ಇಟ್ಟರು. ಮಾರ್ಚ್ 3ಕ್ಕೆ ಶುರುವಾದದ್ದು 14 ಆದರೂ ಮುಗಿಯಲಿಲ್ಲ. 696ರ ಗುರಿ ಬೆನ್ನಟ್ಟಿ ಇಂಗ್ಲೆಂಡ್ 654/5 ತಲುಪಿತ್ತು, ಗೆಲ್ಲಲು 42 ರನ್ ಬೇಕಿತ್ತು. ಅಷ್ಟರಲ್ಲಿ ಊರಿಗೆ ಹೋಗುವ ಹಡಗಿನ ಹೊತ್ತಾಯಿತು. ಪಂದ್ಯ ಡ್ರಾ.

ಟೆಸ್ಟ್ ನೋಡುವುದಾದರೆ ಐದೂ ದಿನ ಟಿವಿ ಮುಂದೆ ಕೂರಬೇಕಿಲ್ಲ. ಮೊದಲ ದಿನದ ಮೊದಲ ಒಂದು ತಾಸು ನೋಡಿ, ಚೆಂಡು ಹೇಗೆ ವರ್ತಿಸುತ್ತಿದೆ ಎಂದು ತಿಳಿಯುತ್ತದೆ. 80 ಓವರ್ ಆದ ಮೇಲೆ ಬೌಲಿಂಗ್ ತಂಡ ಹೊಸ ಚೆಂಡು ತೆಗೆದುಕೊಳ್ಳಬಹುದು, ಆಗ ಅರ್ಧ ಗಂಟೆ ನೋಡಿ. ಪಂದ್ಯ ಐದನೇ ದಿನಕ್ಕೆ ಬಂದರೆ ಮಾತ್ರ ಬೇರೆ ಕೆಲಸ ಬದಿಗಿಡಿ.

8. ಮಾರನೇ ದಿನ ಸ್ಕೋರ್‌ಪಟ್ಟಿ ಓದಿ

ಪಂದ್ಯ ನೋಡಲು ಆಗದಿದ್ದರೂ ಸ್ಕೋರ್‌ಪಟ್ಟಿ ಓದಿದರೆ ಕಥೆ ಸಿಗುತ್ತದೆ. ಬ್ಯಾಟರ್ ಹೆಸರಿನ ಪಕ್ಕ 'ಸಿ' ಎಂದರೆ ಕ್ಯಾಚ್ ಹಿಡಿದವರು, 'ಬಿ' ಎಂದರೆ ಬೌಲ್ ಮಾಡಿದವರು. ನಂತರ ರನ್, ಎದುರಿಸಿದ ಎಸೆತ. 54 ರನ್, 30 ಎಸೆತ ಎಂದಿದ್ದರೆ ನೂರು ಎಸೆತಕ್ಕೆ 180ರ ವೇಗ. ಇದನ್ನೇ ಸ್ಟ್ರೈಕ್ ರೇಟ್ ಎನ್ನುತ್ತಾರೆ. ಟಿ20ಯಲ್ಲಿ ಇದು ಮುಖ್ಯ, ಟೆಸ್ಟ್‌ನಲ್ಲಿ ಸರಾಸರಿ ಮುಖ್ಯ. ಒಟ್ಟು ರನ್ನನ್ನು ಔಟಾದ ಸಲಗಳಿಂದ ಭಾಗಿಸಿದರೆ ಸರಾಸರಿ. ಟೆಸ್ಟ್‌ನಲ್ಲಿ 50 ಇದ್ದರೆ ಬಹಳ ದೊಡ್ಡ ಬ್ಯಾಟರ್. ಡಾನ್ ಬ್ರಾಡ್ಮನ್ ಅವರದು 99.94. 1948ರಲ್ಲಿ ತಮ್ಮ ಕೊನೆಯ ಇನಿಂಗ್ಸ್‌ನಲ್ಲಿ ನಾಲ್ಕು ರನ್ ಹೊಡೆದಿದ್ದರೆ ನೂರಾಗುತ್ತಿತ್ತು. ಖಾತೆ ತೆರೆಯದೆ ಔಟಾದರು.

ಬೌಲರ್‌ಗಳ ಸಾಲಿನಲ್ಲಿ ನಾಲ್ಕು ಅಂಕಿ ಇರುತ್ತವೆ. 10-2-35-3 ಎಂದರೆ ಹತ್ತು ಓವರ್, ಅದರಲ್ಲಿ ಬೌಲರ್ ಲೆಕ್ಕಕ್ಕೆ ರನ್ ಸೇರದ ಮೇಡನ್ ಓವರ್ ಎರಡು, ಕೊಟ್ಟ ರನ್ 35, ವಿಕೆಟ್ 3. ಹೊಸಬರು ಕೊನೆಯ ಅಂಕಿ ಮಾತ್ರ ನೋಡುತ್ತಾರೆ. ಟಿ20ಯಲ್ಲಿ 4-0-18-0 ಎಂದು ಕಂಡರೆ ನಿಲ್ಲಿ. ಒಂದೂ ವಿಕೆಟ್ ಇಲ್ಲ, ಆದರೆ 24 ಎಸೆತ ಖರ್ಚಾಗಿ ಬಂದದ್ದು 18 ರನ್. ಆ ಬೌಲರ್‌ನನ್ನು ಹೊಡೆಯಲಾಗದೆ ಆಚೆ ತುದಿಯ ಬೌಲರ್ ಮೇಲೆ ಮುಗಿಬಿದ್ದು ಎಷ್ಟು ಜನ ಔಟಾದರು ಎಂದು ಅದೇ ಪಟ್ಟಿಯಲ್ಲಿ ಹುಡುಕಿ ನೋಡಿ.